ಖಾನೇಷುಮಾರಿ ಮತ್ತು ಮನೆತನದ ಚರಿತ್ರೆ: ಮಲಾಡಿನ ಕನ್ನಡ ಕುಟುಂಬಗಳ ನೆಲೆಯಿಂದ ಕೆಲವು ವಿಚಾರಗಳು

1. ಪ್ರಸ್ತಾವನೆ

ಹಳೆಯ ಮೈಸೂರಿನ ಆಡಳಿತದ ಭಾಷೆಯಲ್ಲಿ ಜನಗಣತಿಗೆ 'ಖಾನೇಷುಮಾರಿ' ಎಂಬ ಹೆಸರಿತ್ತು. ಪಾರಸಿ ಮೂಲದ ಈ ಪದದ ಅರ್ಥ ಮನೆಗಳ ಎಣಿಕೆ. ಹೆಸರಿಗೆ ತಕ್ಕಂತೆ ಗಣತಿದಾರನು ಮನೆಯ ಬಾಗಿಲಿಗೆ ಬಂದು, ಮನೆಗೊಂದು ಸಂಖ್ಯೆ ಕೊಟ್ಟು, ಒಳಗಿರುವವರ ಹೆಸರು, ವಯಸ್ಸು, ಮತ, ಜಾತಿ, ಕಸುಬು, ಹುಟ್ಟಿದ ಜಿಲ್ಲೆ, ಆಡುವ ಮಾತು, ಓದುಬರೆಹದ ಸ್ಥಿತಿ ಇವಿಷ್ಟನ್ನೂ ಕೇಳಿ ಬರೆದುಕೊಂಡು ಹೋಗುತ್ತಿದ್ದನು. ತನ್ನ ಮನೆತನದ ಚರಿತ್ರೆಯನ್ನು ಕಟ್ಟಹೊರಟವನಿಗೆ ಇದಕ್ಕಿಂತ ಉತ್ತಮವಾದ ಆಕರ ಬೇರೊಂದು ಇರಲಾರದು. ಆದರೂ ಒಂದೂವರೆ ಶತಮಾನದಿಂದ ನಡೆದು ಬಂದಿರುವ ಈ ಎಣಿಕೆಯಲ್ಲಿ ತನ್ನ ಅಜ್ಜ ಅಜ್ಜಿಯರ ಹೆಸರನ್ನು ಕಣ್ಣಾರೆ ಕಂಡ ಭಾರತೀಯರು ತೀರ ವಿರಳ. ಇದಕ್ಕೆ ಕಾರಣವೇನು, ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಮಟ್ಟಿಗೆ ಇದರ ಪರಿಣಾಮವೇನು, ಮುಂದಿನ ಜನಗಣತಿಯ ಹೊತ್ತಿಗೆ ನಾವು ಕೇಳಬೇಕಾದುದೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ವಿವೇಚನೆಗೆ ಮುಂಬಯಿಯ ಉಪನಗರವಾದ ಮಲಾಡನ್ನು ಆರಿಸಿಕೊಂಡಿದ್ದೇವೆ. ದಕ್ಷಿಣ ಕನ್ನಡ ಮತ್ತು ಉಡುಪಿಯಿಂದ ಬಂದ ಹೋಟೆಲಿನವರು, ಗಿರಣಿ ಹಾಗೂ ಕಚೇರಿಗಳ ನೌಕರರು, ಓರ್ಲೆಂ ಭಾಗದಲ್ಲಿ ನೆಲೆಸಿದ ಮಂಗಳೂರಿನ ಕ್ರೈಸ್ತರು, ಉತ್ತರ ಕರ್ನಾಟಕದಿಂದ ಕೂಲಿಗಾಗಿ ಬಂದವರು ಹೀಗೆ ನಾನಾ ಸ್ತರದ ಕನ್ನಡನಾಡಿನ ಜನ ಅಲ್ಲಿದ್ದಾರೆ. ಇವರ ಮೂರನೆಯ ನಾಲ್ಕನೆಯ ತಲೆಮಾರಿನವರು ಈಗ 'ನಮ್ಮ ಹಿರಿಯರು ಯಾವಾಗ ಬಂದರು, ಎಲ್ಲಿಂದ ಬಂದರು' ಎಂದು ಕೇಳತೊಡಗಿದ್ದಾರೆ. ಹೇಳಬಲ್ಲವರು ಒಬ್ಬೊಬ್ಬರಾಗಿ ತೀರಿಹೋಗುತ್ತಿರುವ ಕಾಲದಲ್ಲಿ ಈ ಪ್ರಶ್ನೆ ಹುಟ್ಟಿರುವುದರಿಂದ ಬರೆಹದ ಆಕರಗಳ ಮಹತ್ತ್ವ ಹೆಚ್ಚಿದೆ.

2. ಸಂಪುಟಗಳಲ್ಲಿ ಊರನ್ನು ಹುಡುಕುವ ಬಗೆ

ಮೊದಲು ನಮಗೆ ಸುಲಭವಾಗಿ ದೊರೆಯುವ ಸಾಮಗ್ರಿಯನ್ನು ನೋಡಬಹುದು. ಬ್ರಿಟಿಷ್ ಭಾರತದ ಮೊದಲ ಜನಗಣತಿ ಒಂದೇ ದಿನ ನಡೆದುದಲ್ಲ. ಮದರಾಸು ಆಧಿಪತ್ಯ ಮತ್ತು ಮೈಸೂರಿನಲ್ಲಿ ಅದು 1871ರಲ್ಲಿ, ಮುಂಬಯಿ ಆಧಿಪತ್ಯದಲ್ಲಿ 1872ರಲ್ಲಿ ನಡೆಯಿತು. ದೇಶಕ್ಕೆಲ್ಲ ಏಕಕಾಲದ ಎಣಿಕೆ ಮೊದಲಾದದ್ದು 1881ರ ಫೆಬ್ರವರಿ 17ರಂದು. ಅಂದಿನಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದು ಬಂದ ಈ ಗಣತಿಗಳ ವರದಿಗಳೂ ಕೋಷ್ಟಕಗಳೂ ಅಚ್ಚಾಗಿವೆ. ಈಗ ಭಾರತದ ಮಹಾ ನೋಂದಣಿ ಅಧಿಕಾರಿಗಳ ಕಚೇರಿಯ ಡಿಜಿಟಲ್ ಗ್ರಂಥಾಲಯದಲ್ಲಿ ಹಳೆಯ ಸಂಪುಟಗಳನ್ನು ಯಾರು ಬೇಕಾದರೂ ಓದಬಹುದು. ದೂರದ ವಿಶ್ವವಿದ್ಯಾನಿಲಯಗಳಲ್ಲಿ ಕುಳಿತು ಕೆಲಸ ಮಾಡುವ ಕನ್ನಡ ಸಂಶೋಧಕರಿಗೆ ಇದು ದೊಡ್ಡ ಉಪಕಾರ.

ಆದರೆ ಯಾವ ಊರನ್ನು ಯಾವ ಸಂಪುಟದಲ್ಲಿ ಹುಡುಕಬೇಕೆಂಬುದು ತಿಳಿಯದಿದ್ದರೆ ಈ ಸೌಲಭ್ಯ ನಿರುಪಯುಕ್ತ. ಮಲಾಡ್ ಇಂದು ಮುಂಬಯಿಯ ಒಡಲಲ್ಲಿದ್ದರೂ ಹಳೆಯ ಗಣತಿಗಳ 'ಮುಂಬಯಿ ನಗರ' ಎಂಬ ಶೀರ್ಷಿಕೆಯಡಿಯಲ್ಲಿ ಅದು ಸಿಗುವುದಿಲ್ಲ. 1911ರವರೆಗೆ ಅದು ಠಾಣೆ ಜಿಲ್ಲೆಯ ಸಾಷ್ಟಿ ತಾಲ್ಲೂಕಿನ ಒಂದು ಊರು. 1920ರಲ್ಲಿ ಮುಂಬಯಿ ಉಪನಗರ ಜಿಲ್ಲೆ ರಚಿತವಾದಾಗ ಅದು ಅಲ್ಲಿಗೆ ಸೇರಿತು. 1950ರಲ್ಲಿ ನಗರದ ಎಲ್ಲೆ ಉತ್ತರಕ್ಕೆ ಸರಿದಾಗಲೂ ಜೋಗೇಶ್ವರಿಯ ಬಳಿಯಲ್ಲಿಯೇ ನಿಂತಿತು. ಆದುದರಿಂದ 1951ರ ಕೋಷ್ಟಕಗಳಲ್ಲಿ ಮಲಾಡನ್ನು ಬೃಹನ್ಮುಂಬಯಿಯ ಹೊರಗೇ ಹುಡುಕಬೇಕು. 1957ರ ವಿಸ್ತರಣೆಯಲ್ಲಿ ಅದು ಮಹಾನಗರದೊಳಗೆ ಬಂದಿತು. 1990ರಲ್ಲಿ ಉಪನಗರ ಜಿಲ್ಲೆ ಮತ್ತೆ ಬೇರೆಯಾದುದರಿಂದ 1991ರಿಂದೀಚೆಗೆ ಮತ್ತೊಂದು ಶೀರ್ಷಿಕೆ.

ಅಲ್ಲಿಗೆ ಬಂದವರ ಮೂಲ ಊರಿನ ಸ್ಥಿತಿಯೂ ಇಷ್ಟೇ ತೊಡಕಿನದು. ಕುಂದಾಪುರ, ಉಡುಪಿ, ಕಾರ್ಕಳದ ಅಂಕಿಅಂಶಗಳು 1951ರವರೆಗೆ ಮದರಾಸಿನ ಸಂಪುಟಗಳಲ್ಲಿವೆ. ಕಾರವಾರ, ಧಾರವಾಡ, ಬೆಳಗಾವಿ, ವಿಜಾಪುರದವು ಮುಂಬಯಿಯ ಸಂಪುಟಗಳಲ್ಲಿವೆ. ಕಲಬುರಗಿ, ರಾಯಚೂರು, ಬೀದರಿನವು ಹೈದರಾಬಾದಿನವುಗಳಲ್ಲಿ ದೊರೆಯುತ್ತವೆ. ಕಾಸರಗೋಡನ್ನು 1951ರವರೆಗೆ ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೂ, 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಕೇರಳದ ಕಣ್ಣೂರು ಜಿಲ್ಲೆಯಲ್ಲಿಯೂ, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಅದರ ಹೆಸರಿನಲ್ಲಿಯೂ ನೋಡಬೇಕು. ಒಂದೇ ಮನೆತನದ ಮೂರು ತಲೆಮಾರುಗಳನ್ನು ಹಿಂಬಾಲಿಸಲು ಮೂರು ಪ್ರಾಂತಗಳ ಸಂಪುಟಗಳನ್ನು ತಿರುವಬೇಕಾದೀತು.

ಈ ಸಂಪುಟಗಳಿಂದ ವಲಸೆಯ ಹಿನ್ನೆಲೆ ತಿಳಿಯುತ್ತದೆ. 1891ರಲ್ಲಿ 8,21,764 ಇದ್ದ ಮುಂಬಯಿ ನಗರದ ಜನಸಂಖ್ಯೆ 1901ರಲ್ಲಿ 7,76,006ಕ್ಕೆ ಇಳಿದುದು 1896ರಲ್ಲಿ ಕಾಣಿಸಿಕೊಂಡ ಪ್ಲೇಗಿನ ಪರಿಣಾಮ. 1911ರ ವೇಳೆಗೆ ಅದು 9,79,445 ಆಯಿತೆಂದರೆ ಹೊರಗಿನಿಂದ ಬಂದವರ ಪ್ರವಾಹ ಎಷ್ಟಿತ್ತೆಂಬುದನ್ನು ಊಹಿಸಬಹುದು. ಭಾಷೆಯ ಕೋಷ್ಟಕಗಳನ್ನು ಬಳಸುವಾಗ ಮಾತ್ರ ಒಂದು ಎಚ್ಚರ ಅಗತ್ಯ. ಮುಂಬಯಿಯಲ್ಲಿ ಕನ್ನಡ ಸಂಘಗಳನ್ನು ಕಟ್ಟಿ, ಕನ್ನಡದಲ್ಲಿ ಪತ್ರಿಕೆ ನಡೆಸಿ, ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿದವರಲ್ಲಿ ಬಹುಮಂದಿಯ ಮನೆಮಾತು ತುಳು ಅಥವಾ ಕೊಂಕಣಿ. ಜನಗಣತಿಯು ಅವರನ್ನು ಆಯಾ ಭಾಷೆಯ ಲೆಕ್ಕದಲ್ಲಿ ಸೇರಿಸುತ್ತದೆ. ಆದ್ದರಿಂದ 'ಕನ್ನಡ' ಎಂಬ ಸಾಲಿನ ಅಂಕಿಯೊಂದರಿಂದಲೇ ಮುಂಬಯಿಯ ಕನ್ನಡ ಸಮುದಾಯವನ್ನು ಅಳೆಯುವುದು ಸರಿಯಾಗದು.

3. ಹೆಸರುಗಳು ಎಲ್ಲಿ ಹೋದವು?

ಇಷ್ಟೆಲ್ಲ ಸಂಪುಟಗಳಿದ್ದರೂ ಅವುಗಳಲ್ಲಿ ಮನೆಯ ಯಜಮಾನನ ಹೆಸರು ಇಲ್ಲ. ಮನೆ ಮನೆಯಲ್ಲಿ ಬರೆದುಕೊಂಡ ಗಣತಿಪಟ್ಟಿಯೇ ಬೇರೆ, ಅಚ್ಚಾದ ಕೋಷ್ಟಕವೇ ಬೇರೆ. 1901ರಿಂದ ಬಳಕೆಗೆ ಬಂದ ಪದ್ಧತಿಯಲ್ಲಿ ಪಟ್ಟಿಯ ವಿವರಗಳನ್ನು ಒಬ್ಬೊಬ್ಬನಿಗೆ ಒಂದೊಂದು ಚೀಟಿಯಂತೆ ನಕಲು ಮಾಡುತ್ತಿದ್ದರು. ಮತಕ್ಕೊಂದು ಬಣ್ಣದ ಚೀಟಿ. ಅವನ್ನು ಗೂಡುಗಳಲ್ಲಿ ವಿಂಗಡಿಸಿ ಎಣಿಸಿದರೆ ಕೋಷ್ಟಕ ಸಿದ್ಧ. ಅದೇ ವ್ಯಕ್ತಿಯನ್ನು ಎರಡು ಸಲ ಎಣಿಸದಿರಲು, ಯಾರನ್ನೂ ಬಿಡದಿರಲು ಗಣತಿದಾರನಿಗೆ ಹೆಸರು ಬೇಕಾಗಿತ್ತು. ಎಣಿಕೆ ಮುಗಿದ ಮೇಲೆ ಅದರಿಂದ ಸರಕಾರಕ್ಕೆ ಪ್ರಯೋಜನವಿರಲಿಲ್ಲ. ಕೋಷ್ಟಕಗಳು ಅಚ್ಚಾದ ಬಳಿಕ ಮನೆಮನೆಯ ಪಟ್ಟಿಗಳೂ ಚೀಟಿಗಳೂ ನಿರುಪಯುಕ್ತ ಕಾಗದವೆಂದು ವಿಲೇವಾರಿಯಾದವು. ಬ್ರಿಟಿಷರ ಕಾಲದ ಗಣತಿಪಟ್ಟಿಗಳು ಪತ್ರಾಗಾರಗಳಲ್ಲಿ ಇಲ್ಲದಿರುವುದಕ್ಕೆ ಇದೇ ಕಾರಣ.

ಮೈಸೂರು ಸಂಸ್ಥಾನದ 1931ರ ಜನಗಣತಿಯ ಅಧೀಕ್ಷಕರಾಗಿದ್ದು ಅದರ ವರದಿಯನ್ನು ಬರೆದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಎಂಬುದನ್ನು ಇಲ್ಲಿ ನೆನೆಯಬಹುದು. ಒಬ್ಬೊಬ್ಬ ಸಾಮಾನ್ಯ ಮನುಷ್ಯನನ್ನು ಹೆಸರು ಹಿಡಿದು ಕರೆದು ಕತೆ ಹೇಳಿದ ಲೇಖಕರ ಕೈಯಲ್ಲಿಯೂ ಜನಗಣತಿಯು ಸಂಖ್ಯೆಗಳ ಸಂಪುಟವೇ ಆಯಿತು. ಅದು ಅಧಿಕಾರಿಯ ದೋಷವಲ್ಲ, ಆ ಪದ್ಧತಿಯ ಸ್ವರೂಪವೇ ಹಾಗಿತ್ತು. ಅದೇ ವರ್ಷ ಬ್ರಿಟಿಷ್ ಪ್ರಾಂತಗಳಲ್ಲಿ ಅಸಹಕಾರದ ಅಂಗವಾಗಿ 1931ರ ಜನವರಿ 11ನ್ನು ಜನಗಣತಿ ಬಹಿಷ್ಕಾರದ ಭಾನುವಾರವೆಂದು ಕಾಂಗ್ರೆಸ್ಸು ಸಾರಿತ್ತು. ಹೆಸರು ಕೊಡುವುದೂ ಕೊಡದಿರುವುದೂ ರಾಜಕೀಯ ಕ್ರಿಯೆಯಾಗಬಲ್ಲದೆಂಬುದು ಅಂದೇ ಸ್ಪಷ್ಟವಾಗಿತ್ತು.

ಉಳಿದಿದ್ದರೂ ಆ ಪಟ್ಟಿಗಳು ಎಲ್ಲವನ್ನೂ ಹೇಳುತ್ತಿರಲಿಲ್ಲ. ಹೆಂಗಸರ ಹೆಸರು ಹೇಳಲು ಮನೆಯವರು ಒಪ್ಪದಿದ್ದರೆ 'ಹೆಂಗಸು' ಎಂದಷ್ಟೇ ಬರೆದರೆ ಸಾಕೆಂಬ ಸೂಚನೆ ಹಳೆಯ ಗಣತಿಗಳಲ್ಲಿತ್ತು. ಈ ಸಂಕೋಚ ಸ್ವಾತಂತ್ರ್ಯಾನಂತರವೂ ಉಳಿಯಿತು. 1951-52ರ ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿ ಸಿದ್ಧವಾಗುತ್ತಿದ್ದಾಗ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿ ಸ್ವಂತ ಹೆಸರನ್ನು ಹೇಳದಿದ್ದ ಸುಮಾರು 28 ಲಕ್ಷ ಸ್ತ್ರೀಯರನ್ನು ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರ ಆಯೋಗವು ಪಟ್ಟಿಯಿಂದ ಕೈಬಿಡಬೇಕಾಯಿತು. ಅಳಿಯಸಂತಾನ ಪದ್ಧತಿಯ ತುಳುನಾಡಿನ ಮನೆತನಗಳಿಗೆ ಇದು ವಿಶೇಷವಾಗಿ ಅನ್ವಯಿಸುವ ಮಾತು. ಅಲ್ಲಿ ವಂಶವು ತಾಯಿಯ ಕಡೆಯಿಂದ ಸಾಗುತ್ತದೆ. ಅಜ್ಜಿಯ ಹೆಸರು ಅಳಿದರೆ ಕುಟುಂಬದ ಮೂಲವೇ ಅಳಿದಂತೆ.

4. ಮುಚ್ಚಿದ ಬಾಗಿಲು

ಸ್ವತಂತ್ರ ಭಾರತದ ಜನಗಣತಿ 1948ರ ಜನಗಣತಿ ಅಧಿನಿಯಮದಂತೆ ನಡೆಯುತ್ತದೆ. ಅದರ 15ನೆಯ ಪ್ರಕರಣದ ತಾತ್ಪರ್ಯ ಹೀಗಿದೆ: ಜನಗಣತಿ ಅಧಿಕಾರಿಯು ಕರ್ತವ್ಯದಲ್ಲಿ ಬರೆದ ಯಾವ ಪುಸ್ತಕ, ವಹಿ ಅಥವಾ ದಾಖಲೆಯನ್ನೂ ಪರಿಶೀಲಿಸುವ ಹಕ್ಕು ಯಾರಿಗೂ ಇಲ್ಲ, ಈ ಅಧಿನಿಯಮದಡಿಯ ಅಪರಾಧಗಳ ವಿಚಾರಣೆಯನ್ನು ಬಿಟ್ಟರೆ ಅವು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ಸಲ್ಲುವುದಿಲ್ಲ. ಜನರು ಭಯವಿಲ್ಲದೆ ನಿಜವನ್ನು ಹೇಳಲಿ ಎಂಬುದು ಇದರ ಉದ್ದೇಶ. ಈ ಉದ್ದೇಶವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಆದರೆ ಈ ಪ್ರಕರಣಕ್ಕೆ ಕಾಲದ ಮಿತಿಯಿಲ್ಲ ಎಂಬುದು ಗಮನಾರ್ಹ. ಹತ್ತು ವರ್ಷ ಹಳೆಯ ದಾಖಲೆಗೂ ನೂರು ವರ್ಷ ಹಳೆಯ ದಾಖಲೆಗೂ ಅದು ಒಂದೇ ಬೀಗ ಹಾಕುತ್ತದೆ.

ಬೇರೆ ದೇಶಗಳಲ್ಲಿ ಈ ಬೀಗಕ್ಕೆ ಅವಧಿಯಿದೆ. ಇಂಗ್ಲೆಂಡ್ ಮತ್ತು ವೇಲ್ಸಿನ ಪಟ್ಟಿಗಳು ನೂರು ವರ್ಷಗಳ ನಂತರ ತೆರೆಯುತ್ತವೆ. 1921ರದು 2022ರ ಜನವರಿಯಲ್ಲಿ ಬಿಡುಗಡೆಯಾಯಿತು. ಅಮೆರಿಕದ ಅವಧಿ 72 ವರ್ಷ. 1950ರ ಗಣತಿಯು 2022ರ ಏಪ್ರಿಲ್ 1ರಂದು ತೆರೆಯಿತು. ಕೆನಡಾದಲ್ಲಿ 92 ವರ್ಷ. 1931ರ ಗಣತಿ 2023ರಲ್ಲಿ ಲಭ್ಯವಾಯಿತು. ಅಲ್ಲಿಯೂ ನಷ್ಟಗಳಾಗದೆ ಇಲ್ಲ. ಇಂಗ್ಲೆಂಡಿನ 1931ರ ಪಟ್ಟಿಗಳು 1942ರ ಬೆಂಕಿಯಲ್ಲಿ ನಾಶವಾದವು. ಅಮೆರಿಕದ 1890ರ ಬಹುಭಾಗ 1921ರ ಬೆಂಕಿಯಲ್ಲಿ ಹಾಳಾಯಿತು. ನಮಗೆ ಹೆಚ್ಚು ಹತ್ತಿರವಾದುದು ಐರ್ಲೆಂಡಿನ ನಿದರ್ಶನ. ಅದೂ ಬ್ರಿಟಿಷ್ ಆಳ್ವಿಕೆಯಲ್ಲಿದ್ದ ದೇಶ. ಅಲ್ಲಿಯ 1861ರಿಂದ 1891ರವರೆಗಿನ ಪಟ್ಟಿಗಳನ್ನು ಸರಕಾರವೇ ನಾಶಮಾಡಿತು. ಅದಕ್ಕೂ ಹಿಂದಿನವುಗಳಲ್ಲಿ ಬಹುಪಾಲು 1922ರ ಅಂತರ್ಯುದ್ಧದ ಬೆಂಕಿಗೆ ಆಹುತಿಯಾದವು. ಆದರೂ ಉಳಿದ 1901 ಮತ್ತು 1911ರ ಪಟ್ಟಿಗಳನ್ನು ಆ ದೇಶ ಉಚಿತವಾಗಿ ಜಗತ್ತಿಗೆ ತೆರೆದಿಟ್ಟಿದೆ. ಹೊರದೇಶಗಳಿಗೆ ವಲಸೆ ಹೋದ ಐರಿಷರ ಮೊಮ್ಮಕ್ಕಳು ತಮ್ಮ ಹಿರಿಯರ ಮನೆಯನ್ನು ಅವುಗಳಲ್ಲಿ ಕಂಡುಕೊಳ್ಳುತ್ತಾರೆ. ಮಲಾಡಿನ ಕನ್ನಡಿಗರ ಮೊಮ್ಮಕ್ಕಳಿಗೆ ಇಂತಹ ಭಾಗ್ಯವಿಲ್ಲ.

5. ಬದಲಿ ಆಕರಗಳು

ಹಾಗಾದರೆ ಹೊರನಾಡ ಕನ್ನಡ ಕುಟುಂಬವೊಂದು ಏನು ಮಾಡಬೇಕು? 1930ರ ದಶಕದಲ್ಲಿ ಉಡುಪಿಯ ಕಡೆಯಿಂದ ಹೊರಟು, ಕೋಟೆ ಪ್ರದೇಶದ ಹೋಟೆಲಿನಲ್ಲಿ ದುಡಿದು, ಮುಂದೆ ಮಲಾಡಿನಲ್ಲಿ ನೆಲೆಯೂರಿದ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಅದರ ಚರಿತ್ರೆಯನ್ನು ಕಟ್ಟಲು ಈ ಕೆಳಗಿನ ಆಕರಗಳು ನೆರವಾಗಬಲ್ಲವು.

ಮೊದಲನೆಯದು ಶಾಲೆಯ ದಾಖಲಾತಿ ವಹಿ. ಹಗಲಿನ ಶಾಲೆಯಿರಲಿ, ದುಡಿಯುವ ಹುಡುಗರಿಗಾಗಿ ಕನ್ನಡಿಗರು ನಡೆಸಿದ ರಾತ್ರಿ ಶಾಲೆಯಿರಲಿ, ಅದರ ವಹಿಯಲ್ಲಿ ವಿದ್ಯಾರ್ಥಿಯ ಹೆಸರು, ಜನ್ಮದಿನ, ಹುಟ್ಟಿದ ಊರು, ಜಾತಿ, ಹಿಂದೆ ಓದಿದ ಶಾಲೆ ದಾಖಲಾಗಿರುತ್ತವೆ. ಗಣತಿಪಟ್ಟಿ ಕಳೆದುಹೋದಲ್ಲಿ ಇದೇ ನಮ್ಮ ಅತ್ಯಂತ ಸಮೀಪದ ಬದಲಿ. ಮುಂಬಯಿಯ ಕನ್ನಡ ಶಾಲೆಗಳಲ್ಲಿ ಹಲವು ಮುಚ್ಚಿರುವ ಈ ಕಾಲದಲ್ಲಿ ಅವುಗಳ ವಹಿಗಳು ಎಲ್ಲಿವೆ ಎಂದು ಹುಡುಕಿ ಪಟ್ಟಿ ಮಾಡುವುದೇ ಒಂದು ತುರ್ತಿನ ಸಂಶೋಧನೆಯಾದೀತು.

ಎರಡನೆಯದು ಸಂಘಸಂಸ್ಥೆಗಳ ಸದಸ್ಯತ್ವದ ಪುಸ್ತಕಗಳು, ನಡವಳಿಗಳು ಮತ್ತು ಮುಖಪತ್ರಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ (1902), ಮೈಸೂರು ಅಸೋಸಿಯೇಶನ್ (1926), ಬಂಟರ ಸಂಘ (1927) ಮೊದಲಾದವು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿಯೇ ಮುಂಬಯಿಯಲ್ಲಿ ಹುಟ್ಟಿದವು. ಇಂತಹ ಸಂಸ್ಥೆಗಳ ಹಳೆಯ ಪುಸ್ತಕಗಳು ಕೇವಲ ಸಂಸ್ಥೆಯ ಆಸ್ತಿಯಲ್ಲ, ಒಂದು ವಲಸೆಯ ಜನನ ಮರಣದ ಪುಸ್ತಕಗಳೂ ಹೌದು.

ಮೂರನೆಯದು ಹೆಸರಿನೊಳಗೇ ಅಡಗಿರುವ ಸಾಕ್ಷ್ಯ. ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ಬಂಗೇರ, ಸಾಲಿಯಾನ್, ಸುವರ್ಣ, ಕರ್ಕೇರ ಮುಂತಾದ 'ಬರಿ'ಯ ಹೆಸರುಗಳು ಅಡ್ಡಹೆಸರುಗಳಾದವು. ಬರಿ ತಾಯಿಯಿಂದ ಬರುವಂಥದು. ಆದರೆ ನಗರದ ಶಾಲೆ ಕಚೇರಿಗಳು ತಂದೆಯ ಅಡ್ಡಹೆಸರನ್ನು ಕೇಳಿದವು. ಯಾವ ತಲೆಮಾರಿನಲ್ಲಿ ತಾಯಿಯ ಬರಿಯ ಬದಲು ತಂದೆಯದು ದಾಖಲೆಗೆ ಬಂದಿತೆಂಬುದನ್ನು ಗುರುತಿಸದಿದ್ದರೆ ಸಂಶೋಧಕನು ದಾರಿ ತಪ್ಪುತ್ತಾನೆ. 1949ರ ಮದರಾಸು ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ಆಸುಪಾಸಿನ ಪಾಲುಪಟ್ಟಿ ಪತ್ರಗಳು ಈ ಕವಲನ್ನು ಬಿಡಿಸಲು ಸಹಾಯಕ.

ಇವಲ್ಲದೆ ಕ್ರೈಸ್ತರಿಗೆ ಇಗರ್ಜಿಗಳ ದೀಕ್ಷಾಸ್ನಾನ ಮತ್ತು ವಿವಾಹದ ವಹಿಗಳಿವೆ. ಬಾಸೆಲ್ ಮಿಶನ್ ಪರಂಪರೆಯವರಿಗೆ ಮಂಗಳೂರಿನ ಬಲ್ಮಠದಲ್ಲಿಯ ದಾಖಲೆಗಳಿವೆ. ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಿಗೆ ಹೆಳವರಿದ್ದಾರೆ. ಎತ್ತಿನ ಮೇಲೆ ಊರೂರು ತಿರುಗಿ ಮನೆತನದ ಹಿರಿಯರ ಹೆಸರುಗಳನ್ನು ಹಾಡಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು ಹೋಗುವ ಇವರನ್ನು ನಮ್ಮ ನಾಡಿನ ನಿಜವಾದ ಖಾನೇಷುಮಾರಿಯವರೆಂದರೆ ತಪ್ಪಾಗದು. ಸರಕಾರದ ಗಣತಿದಾರನು ಹೆಸರನ್ನು ಬಿಟ್ಟು ಸಂಖ್ಯೆಯನ್ನು ಉಳಿಸಿಕೊಂಡನು. ಹೆಳವನಿಗೆ ಹೆಸರೇ ಜೀವನೋಪಾಯ. ಹರಿದ್ವಾರ ಮೊದಲಾದ ತೀರ್ಥಕ್ಷೇತ್ರಗಳ ಪುರೋಹಿತರ ವಹಿಗಳು ಇದೇ ಜಾತಿಯವು. ಹರಿದ್ವಾರದ ವಹಿಗಳನ್ನು ಅಮೆರಿಕದ ಯೂಟಾದ ವಂಶಾವಳಿ ಸಂಸ್ಥೆಯೊಂದು 1970ರ ದಶಕದ ಕೊನೆಯಿಂದ ಮೈಕ್ರೋಫಿಲ್ಮ್ ಮಾಡಿಸಿದೆ. ಹೆಳವರ ವಹಿಗಳ ವಿಷಯದಲ್ಲಿ ಅಂತಹ ಕಾಳಜಿ ನಮ್ಮಿಂದಲೇ ಆರಂಭವಾಗಬೇಕು.

ಮಲಾಡಿಗೆ ಸಂಬಂಧಿಸಿದ ಇನ್ನೊಂದು ಆಕರವನ್ನು ವಿಶೇಷವಾಗಿ ಹೇಳಬೇಕು. 1976ರ ಜನವರಿಯಲ್ಲಿ ಮಹಾರಾಷ್ಟ್ರ ಸರಕಾರವು ಮುಂಬಯಿಯ ಜೋಪಡಪಟ್ಟಿಗಳ ಗಣತಿಯನ್ನು ನಡೆಸಿ, ಎಣಿಕೆಯಾದ ಕುಟುಂಬಗಳಿಗೆ ಭಾವಚಿತ್ರವಿರುವ ಪಾಸುಗಳನ್ನು ಕೊಟ್ಟಿತು. ಹೆಸರನ್ನು ಬರೆದುಕೊಂಡು, ಆ ಬರೆಹದ ಒಂದು ಪ್ರತಿಯನ್ನು ಮನೆಯವರ ಕೈಗೇ ಕೊಟ್ಟ ಗಣತಿ ಇದು. ಮಾಲವಣಿ, ಕುರಾರದಂತಹ ವಸತಿಗಳ ಬಡ ಕುಟುಂಬಗಳ ಪಾಲಿಗೆ ಈ ಪಾಸು ತಾವು ಯಾವಾಗಿನಿಂದ ಇಲ್ಲಿದ್ದೇವೆ ಎಂಬುದಕ್ಕೆ ಆಧಾರ. ಶ್ರೀಮಂತರ ವಂಶಾವಳಿ ತಾಮ್ರಪಟದಲ್ಲಿದ್ದರೆ ಇವರದು ತಗಡಿನ ಪೆಟ್ಟಿಗೆಯಲ್ಲಿದೆ. ಕುಟುಂಬ ಚರಿತ್ರೆಯೆಂದರೆ ಉಳ್ಳವರ ಹವ್ಯಾಸವೆಂಬ ಭಾವನೆಯನ್ನು ಈ ಒಂದು ಕಾಗದವೇ ಅಲ್ಲಗಳೆಯುತ್ತದೆ.

6. ಒಂದು ಎಚ್ಚರಿಕೆ

ಹೆಸರುಗಳು ಉಳಿಯಬೇಕು, ತೆರೆಯಬೇಕು ಎಂದು ವಾದಿಸುವಾಗ ಎದುರು ಪಕ್ಷವನ್ನೂ ನೋಡಬೇಕು. 1951ರ ಜನಗಣತಿಯ ಚೀಟಿಗಳ ಆಧಾರದಿಂದ ರಾಷ್ಟ್ರೀಯ ಪೌರರ ವಹಿಯೊಂದನ್ನು ಸಿದ್ಧಪಡಿಸಲಾಗಿತ್ತು. ಅಸ್ಸಾಮಿನಲ್ಲಿ ಅದನ್ನು ಪರಿಷ್ಕರಿಸುವ ಕಾರ್ಯದಲ್ಲಿ ತಮ್ಮ ಹಿರಿಯರ ಹೆಸರನ್ನು 1951ರ ವಹಿಯಲ್ಲಿಯೋ 1971ರ ಮಾರ್ಚ್ 24ರವರೆಗಿನ ಮತದಾರರ ಪಟ್ಟಿ ಮೊದಲಾದ ದಾಖಲೆಗಳಲ್ಲಿಯೋ ತೋರಿಸುವುದು ಜನರಿಗೆ ಅನಿವಾರ್ಯವಾಯಿತು. 2019ರ ಆಗಸ್ಟ್ 31ರಂದು ಪ್ರಕಟವಾದ ಅಂತಿಮ ಪಟ್ಟಿಯಿಂದ 19,06,657 ಮಂದಿ ಹೊರಗುಳಿದರು. ಮಹಾರಾಷ್ಟ್ರದಲ್ಲಿ 2023ರಿಂದ ಮರಾಠಾ ಕುಟುಂಬಗಳ ಕುಣಬಿ ನಮೂದುಗಳಿಗಾಗಿ ಹಳೆಯ ಕಂದಾಯ ದಾಖಲೆಗಳು, ಜನನ ಮರಣದ ವಹಿಗಳು, ಶಾಲೆಯ ಪುಸ್ತಕಗಳು ಇವುಗಳ ದೊಡ್ಡ ಶೋಧವೇ ನಡೆಯಿತು. ಅಜ್ಜನ ಹೆಸರಿನ ಮುಂದೆ ಬರೆದ ಒಂದು ಪದದಿಂದ ಮೊಮ್ಮಗನ ಪೌರತ್ವವೋ ಮೀಸಲಾತಿಯೋ ನಿರ್ಧಾರವಾಗುವಾಗ ಹಳೆಯ ದಾಖಲೆ ಕೇವಲ ಕುತೂಹಲದ ವಸ್ತುವಾಗಿ ಉಳಿಯುವುದಿಲ್ಲ.

ಇದರಿಂದ ಎರಡು ಮಾತುಗಳು ಸಿದ್ಧವಾಗುತ್ತವೆ. ಬದುಕಿರುವವರ ಗಣತಿಯ ವಿವರ ಗೋಪ್ಯವಾಗಿಯೇ ಇರಬೇಕು. ದಾಖಲೆ ಸರಕಾರದ ಕೈಯಲ್ಲಿ ಮಾತ್ರ ಇದ್ದು ಜನರ ಕೈಗೆ ಎಟುಕದಿದ್ದರೆ ಅದರ ಭಾರವೆಲ್ಲ ಬಡವರ ಮೇಲೆ ಬೀಳುತ್ತದೆ.

7. ಉಪಸಂಹಾರ

2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಮುಂದೂಡಲ್ಪಟ್ಟಿತು. 2025ರ ಜೂನ್ 16ರ ಅಧಿಸೂಚನೆಯಂತೆ ದೇಶದ ಬಹುಭಾಗಕ್ಕೆ ಹೊಸ ಗಣತಿಯ ಆಧಾರದಿನ 2027ರ ಮಾರ್ಚ್ 1. ಕಾಗದದ ಪಟ್ಟಿಯ ಬದಲು ಡಿಜಿಟಲ್ ಉಪಕರಣಗಳಲ್ಲಿ ವಿವರಗಳನ್ನು ತುಂಬುವ ಮೊದಲ ಗಣತಿ ಇದು. 1931ರ ನಂತರ ಎಲ್ಲ ಜಾತಿಗಳ ಎಣಿಕೆಯೂ ಇದರಲ್ಲಿ ಸೇರಿದೆ. ಸಂಗ್ರಹಿಸಲು ಜಾಗವಿಲ್ಲ, ಗೆದ್ದಲು ತಿನ್ನುತ್ತದೆ ಎಂದು ಪಟ್ಟಿಗಳನ್ನು ವಿಲೇವಾರಿ ಮಾಡಬೇಕಾದ ಕಾರಣ ಇನ್ನು ಮುಂದೆ ಇರುವುದಿಲ್ಲ. ಅಳಿಸಿದರೆ ಉದ್ದೇಶಪೂರ್ವಕವಾಗಿಯೇ ಅಳಿಸಬೇಕು. ಉಳಿಸಿದರೂ ಉದ್ದೇಶಪೂರ್ವಕವಾಗಿಯೇ ಉಳಿಸಬೇಕು.

ಆದುದರಿಂದ ನಮ್ಮ ಸೂಚನೆ ಇಷ್ಟು. 1948ರ ಅಧಿನಿಯಮದ ಗೋಪ್ಯತೆಗೆ ನೂರು ವರ್ಷಗಳಂತಹ ಒಂದು ನಿಶ್ಚಿತ ಅವಧಿಯನ್ನು ಸೇರಿಸಬೇಕು. ಆ ಅವಧಿಯವರೆಗೆ ವೈಯಕ್ತಿಕ ದಾಖಲೆಗಳನ್ನು ಶಾಶ್ವತ ಮೌಲ್ಯದವೆಂದು ಪರಿಗಣಿಸಿ 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮದ ಆಶಯಕ್ಕೆ ಅನುಗುಣವಾಗಿ ಸಂರಕ್ಷಿಸಬೇಕು. ಯಾವುದೇ ಇಲಾಖೆಯಾಗಲಿ, ಸಂಶೋಧಕನಾಗಲಿ ಅವಧಿಗೆ ಮುನ್ನ ಅವನ್ನು ನೋಡಲಾಗದಂತೆ ಕಟ್ಟುನಿಟ್ಟು ಮಾಡಬೇಕು. ಮುಚ್ಚಿಟ್ಟ ಬಾಗಿಲನ್ನು ಒಂದಲ್ಲ ಒಂದು ದಿನ ತೆರೆಯಬಹುದು. ಸುಟ್ಟ ಕಾಗದವನ್ನು ಓದಲು ಬರುವುದಿಲ್ಲ.

ಆ ತನಕ ಹೊರನಾಡಿನ ಕನ್ನಡ ಪೀಠಗಳೂ ವಿಭಾಗಗಳೂ ಸುಮ್ಮನೆ ಕೂರಬೇಕಾಗಿಲ್ಲ. ತಮ್ಮ ನಗರದ ಮುಚ್ಚಿದ ಕನ್ನಡ ಶಾಲೆಗಳ ವಹಿಗಳು, ಸಂಘಗಳ ಹಳೆಯ ಪುಸ್ತಕಗಳು, ಮನೆಮನೆಯ ಪಾಸುಗಳು ಮತ್ತು ಪಾಲುಪಟ್ಟಿಗಳು ಇವನ್ನು ಆಯಾ ಕುಟುಂಬದ ಒಪ್ಪಿಗೆ ಪಡೆದು ಛಾಯಾಪ್ರತಿ ಮಾಡಿ ಸೂಚಿಯನ್ನು ಸಿದ್ಧಪಡಿಸುವ ಕೆಲಸವನ್ನು ಇಂದೇ ಆರಂಭಿಸಬಹುದು. ಹಿರಿಯರನ್ನು ಕೇಳುವಾಗ ಅಜ್ಜನ ಹೆಸರಿನೊಡನೆ ಅಜ್ಜಿಯ ಹೆಸರನ್ನೂ, ಆಕೆಯ ಬರಿಯನ್ನೂ ಊರನ್ನೂ ಮರೆಯದೆ ಕೇಳಿ ಬರೆದುಕೊಳ್ಳಬೇಕು. ಗಣತಿದಾರನು 'ಹೆಂಗಸು' ಎಂದು ಬರೆದು ಮುಂದೆ ಹೋದ ಜಾಗದಲ್ಲಿ ಒಂದು ಹೆಸರನ್ನು ತುಂಬುವುದು ಸಾಧ್ಯವಾದರೆ ಈ ಬಗೆಯ ಸಂಶೋಧನೆ ಸಾರ್ಥಕವಾದಂತೆ.